ಹಾಡಿದವಳ ಹೆಸರೇನು?

‘ಬೀಸುವ ಪದಗಳನ್ನು ಸಂಗ್ರಹಿಸಲಾಗಿದೆ.’ ಜನಪದ ಸಾಹಿತ್ಯದ ಮೇಲಿನ ಸಂಶೋಧನ ಪ್ರಬಂಧಗಳಲ್ಲಿ ಈ ಬಗೆಯ ವಾಕ್ಯ ಕಂಡರೆ ನನಗೆ ಮೈ ಉರಿಯುತ್ತದೆ. ಸಂಗ್ರಹಿಸಿದವರು ಯಾರು? ಯಾರ ಬಾಯಿಂದ? ಯಾವ ಊರಿನಲ್ಲಿ? ವಾಕ್ಯ ತುಟಿ ಬಿಚ್ಚುವುದಿಲ್ಲ. ಕರ್ಮಣಿ ಪ್ರಯೋಗದಲ್ಲಿ ಕರ್ತೃವಿಗೆ ತೃತೀಯಾ ವಿಭಕ್ತಿ ಬರಬೇಕೆಂದು ಹೈಸ್ಕೂಲಿನಲ್ಲೇ ಕಲಿತವರು ನಾವು. ಆದರೆ ಈ ‘ಲಾಗಿದೆ’ ಬಂದ ಕಡೆ ಕರ್ತೃವನ್ನೇ ಕೈಬಿಡುವುದು ಬಹಳ ಸಲೀಸು.

ಈಚೆಗೆ ಅಂಥದೊಂದು ಕರಡು ಓದಿದೆ. ಪ್ರಾಧ್ಯಾಪಕರೊಬ್ಬರ ಪುಸ್ತಕದಿಂದ ಎರಡು ಸಾಲು ತೆಗೆದುಕೊಂಡದ್ದಕ್ಕೆ ಹೆಸರು, ಪ್ರಕಾಶಕರು, ವರ್ಷ, ಪುಟ ಎಲ್ಲವೂ ಅಡಿಟಿಪ್ಪಣಿಯಲ್ಲಿದ್ದವು. ನಲವತ್ತು ಹಾಡು ಕೊಟ್ಟ ಅಜ್ಜಿ ಮಾತ್ರ ‘ಒಬ್ಬ ವೃದ್ಧೆ’! ಅಚ್ಚಾದದ್ದಕ್ಕೆ ಒಡೆಯರುಂಟು, ಬಾಯಲ್ಲಿದ್ದದ್ದು ಬೇಲಿಯ ಹೂವು. ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ಇದು ಯಾವ ನ್ಯಾಯ?

ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮಾವಳಿ ತಂದಿತು. ಬೇರೆ ಬರಹದೊಂದಿಗೆ ಶೇ. 10ರವರೆಗೆ ಹೋಲಿಕೆಯಿದ್ದರೆ ದಂಡವಿಲ್ಲ, ಶೇ. 60 ಮೀರಿದರೆ ಸಂಶೋಧಕರ ನೋಂದಣಿಯೇ ರದ್ದು. ಒಳ್ಳೆಯದೇ. ಆದರೆ ಯಂತ್ರ ಹುಡುಕುವುದು ಬರಹದ ಹೋಲಿಕೆಯನ್ನು. ಅಜ್ಜಿಯ ಹಾಡು ಎಲ್ಲಿಯೂ ಅಚ್ಚಾಗಿಲ್ಲವಲ್ಲ! ಅವಳಿಂದ ಎತ್ತಿಕೊಂಡದ್ದು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಆಧಾರ ಹೇಳುವುದು ಇಂಗ್ಲಿಷಿನಿಂದ ಬಂದ ಶಿಸ್ತೆಂದು ಕೆಲವರ ಗೊಣಗಾಟ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತನ್ನ ವ್ಯಾಕರಣಕ್ಕೆ ಯಾವ ಯಾವ ಕವಿಗಳ ಮಾತು ಆಧಾರವೆಂಬುದನ್ನು ಹೆಸರು ಹಿಡಿದು ಹೇಳಿದ್ದಾನೆ. ಅವರಲ್ಲಿ ಗಜಗ, ಅಸಗರ ಕನ್ನಡ ಕಾವ್ಯಗಳು ನಮಗೆ ದೊರೆತಿಲ್ಲ. ಆದರೂ ಹೆಸರು ಉಳಿದಿದೆ. ವ್ಯಾಕರಣ ಬರೆದವನಿಗಿದ್ದ ಸೌಜನ್ಯ ವ್ಯಾಕರಣ ಓದಿದವರಿಗೆ ಬೇಡವೇ?

‘ಜನಪದ ಹಾಡಿಗೆ ಕರ್ತೃ ಎಲ್ಲಿ? ಅದು ಎಲ್ಲರದು’ ಎನ್ನುತ್ತಾರೆ. ಒಪ್ಪಿದೆ. ಆದರೆ ಆ ದಿನ, ಆ ಜಗಲಿಯ ಮೇಲೆ, ಆ ಪಾಠವನ್ನು ಹಾಡಿದವಳು ಒಬ್ಬಳೇ. ಒಂದು ನುಡಿ ಬಿಟ್ಟು ಇನ್ನೊಂದು ಸೇರಿಸಿದವಳೂ ಅವಳೇ. ‘ಎಲ್ಲರದು’ ಎಂದ ಹಾಡಿಗೆ ಡಾಕ್ಟರೇಟ್ ಮಾತ್ರ ಒಬ್ಬರಿಗೆ ಬರುತ್ತದೆಯಲ್ಲ!

ಪಿಎಚ್.ಡಿ. ಮಾಡುತ್ತಿರುವ ತಂಗಿಯರೇ, ‘ಲಾಗಿದೆ’ಯನ್ನು ಬಿಡಿ. ‘ಈ ಪದವನ್ನು ಇಂಥ ಊರಿನ ಇಂಥವರು ಹಾಡಿದರು, ಇಂಥ ದಿನ ನಾನು ಬರೆದುಕೊಂಡೆ’ ಎಂದು ಬರೆಯಿರಿ. ಅವರು ಯಾರಿಂದ ಕಲಿತರೆಂದು ಕೇಳಿ, ಅದನ್ನೂ ಸೇರಿಸಿ. ಹೆಸರು ಹಾಕುವುದು ಬೇಡವೆಂದು ಅವರೇ ಹೇಳಿದರೆ ಆ ಮಾತನ್ನು ದಾಖಲಿಸಿ. ಅದು ಅವರ ತೀರ್ಮಾನವಾಗಬೇಕು, ನಿಮ್ಮ ಸೋಮಾರಿತನವಲ್ಲ.

ಮನೆಯಲ್ಲಿ ಹಾಡುವ ಅತ್ತೆ, ಅಜ್ಜಿಯರಿರುವ ಗೆಳತಿಯರಿಗೂ ಒಂದು ಮಾತು. ಯಾರಾದರೂ ಹಾಡು ಕೇಳಲು ಬಂದರೆ ಕಾಫಿ ಕೊಡಿ, ಹಾಡನ್ನೂ ಕೊಡಿಸಿ. ಎದ್ದು ಹೊರಡುವ ಮುನ್ನ ಅವರ ನೋಟ್‌ಬುಕ್ಕಿನಲ್ಲಿ ಅಜ್ಜಿಯ ಹೆಸರು ಸರಿಯಾಗಿ ಬರೆದಿದ್ದಾರೆಯೇ ಎಂದು ನೋಡಿಯೇ ಕಳಿಸಿ.