ಮೈನರ್ ಎಂದು ಕಡೆಗಣಿಸಬಾರದ ವಿಷಯ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ಘಾಟ್‌ಕೋಪರ್, ಮುಲುಂಡ್, ಬೊರಿವಲಿಗಳ ಮನೆಮನೆಗಳಲ್ಲಿ ಕಾಲೇಜು ಪ್ರವೇಶದ ಸಮಾಲೋಚನೆ ನಡೆಯುತ್ತದೆ. ಮುಖ್ಯ ವಿಷಯದ ಆಯ್ಕೆಗೆ ಹತ್ತು ಜನರ ಸಲಹೆ ಕೇಳುವ ಪಾಲಕರು ‘ಮೈನರ್’ ಎಂಬ ಅಂಕಣಕ್ಕೆ ಬಂದಾಗ ಕೇಳುವುದು ಒಂದೇ ಪ್ರಶ್ನೆ: ಯಾವುದರಲ್ಲಿ ಅಂಕ ಸುಲಭವಾಗಿ ಸಿಗುತ್ತದೆ?

ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ಮಹಾರಾಷ್ಟ್ರದ ಸ್ವಾಯತ್ತ ಕಾಲೇಜುಗಳಲ್ಲಿ 2023-24ರಿಂದಲೂ ಸಂಯೋಜಿತ ಕಾಲೇಜುಗಳಲ್ಲಿ 2024-25ರಿಂದಲೂ ಪದವಿಯ ಚೌಕಟ್ಟು ಬದಲಾಗಿದೆ. ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್‌ಗಳು ಬೇಕು. ಅವುಗಳಲ್ಲೊಂದು ಸಣ್ಣ ಪಾಲು ಮೈನರ್‌ನದು. ಕಾಲೇಜು ಅವಕಾಶ ಕಲ್ಪಿಸಿದಲ್ಲಿ, ವಾಣಿಜ್ಯದ ವಿದ್ಯಾರ್ಥಿಯೂ ಜಗತ್ತಿನ ಸಂಸ್ಕೃತಿಗಳನ್ನೂ ಅಂತಾರಾಷ್ಟ್ರೀಯ ಪ್ರಶ್ನೆಗಳನ್ನೂ ಕ್ರಮಬದ್ಧವಾಗಿ ಓದಬಹುದು. ಈ ಅವಕಾಶವನ್ನು ವ್ಯರ್ಥ ಹೊರೆಯೆಂದು ತಳ್ಳಿಹಾಕುವುದು ಮುಂಬಯಿಯ ಜೈನ ಸಮಾಜಕ್ಕೆ ನಷ್ಟದ ವ್ಯವಹಾರ.

ಫೋರ್ಟ್ ಪ್ರದೇಶದ ರಾಜಾಬಾಯಿ ಗೋಪುರ ಈ ಮಾತಿಗೆ ಸಾಕ್ಷಿ. ಅದಕ್ಕೆ ಧನಸಹಾಯ ನೀಡಿ ತಾಯಿಯ ಹೆಸರಿಡಿಸಿದ ಪ್ರೇಮ್‌ಚಂದ್ ರಾಯ್‌ಚಂದ್ ಜೈನ ವರ್ತಕರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಾಶೈರ್‌ನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಆ ಹಣ ಷೇರುಗಳ ಸಟ್ಟಾ ವ್ಯಾಪಾರಕ್ಕೆ ಹರಿಯಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಪೇಟೆ ಕುಸಿದು ಪ್ರೇಮ್‌ಚಂದರೂ ಸೇರಿ ನಗರದ ಅನೇಕ ದೊಡ್ಡ ವರ್ತಕರು ದಿವಾಳಿಯ ಅಂಚಿಗೆ ಬಂದರು. ಅಂದಿನ ಖಾತೆಪುಸ್ತಕಗಳು ಎಷ್ಟೇ ಅಚ್ಚುಕಟ್ಟಾಗಿದ್ದರೂ ಲಾಭ ಬಂದದ್ದೇಕೆ, ಹೋದದ್ದೇಕೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದುದು ಕಡಲಾಚೆಯ ಗುಲಾಮಗಿರಿಯ ಇತಿಹಾಸದಲ್ಲಿ.

ಇಂದಿನ ಸ್ಥಿತಿಯೂ ಬೇರೆಯಲ್ಲ. ಬಾಂದ್ರಾ-ಕುರ್ಲಾ ಸಂಕೀರ್ಣದ ವಜ್ರ ವಿನಿಮಯ ಕೇಂದ್ರದಲ್ಲಿ ಜೈನ ಮನೆತನಗಳು ಬಹುಸಂಖ್ಯೆಯಲ್ಲಿವೆ. ಕಚ್ಚಾ ವಜ್ರ ಆಫ್ರಿಕದಿಂದಲೂ ರಷ್ಯದಿಂದಲೂ ಬರುತ್ತದೆ. ಸೂರತ್ತಿನಲ್ಲಿ ಹೊಳಪು ಪಡೆದು ಹಾಂಕಾಂಗಿಗೂ ನ್ಯೂಯಾರ್ಕಿಗೂ ಹೋಗುತ್ತದೆ. ಉಕ್ರೇನ್ ಯುದ್ಧದ ಪರಿಣಾಮವಾಗಿ 2024ರ ಜನವರಿಯಲ್ಲಿ ಜಿ-7 ದೇಶಗಳು ರಷ್ಯದ ವಜ್ರಗಳನ್ನು ನಿರ್ಬಂಧಿಸಿದವು. ಮಾರ್ಚಿನಿಂದ ಬೇರೆ ದೇಶಗಳಲ್ಲಿ ಹೊಳಪು ಪಡೆದ ರಷ್ಯದ ಕಲ್ಲುಗಳಿಗೂ ಹಂತಹಂತವಾಗಿ ಆ ನಿರ್ಬಂಧ ತಗಲಿತು. ಜಗತ್ತಿನೊಡನೆ ಮೂರು ತಲೆಮಾರು ವ್ಯಾಪಾರ ಮಾಡಿದವರ ಮಕ್ಕಳು ಆ ಜಗತ್ತನ್ನು ದರಪಟ್ಟಿಯಿಂದಷ್ಟೇ ಅರಿತರೆ ಸಾಲದು.

ಆದರೆ ಈ ಅಧ್ಯಯನದ ಪ್ರಯೋಜನ ಲಾಭನಷ್ಟಕ್ಕೆ ಮುಗಿಯುವುದಿಲ್ಲ. ಎಲ್ಫಿನ್‌ಸ್ಟನ್ ಕಾಲೇಜಿನ ಪದವೀಧರ ವೀರಚಂದ್ ಗಾಂಧಿಯವರು 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಜೈನರನ್ನು ಪ್ರತಿನಿಧಿಸಿದರು. ಕಡಲು ದಾಟಿದ ಅಪರಾಧಕ್ಕೆ ಅವರನ್ನು ಬಹಿಷ್ಕರಿಸಬೇಕೆಂದು ಕೂಗೆಬ್ಬಿಸಿದವರು ಸ್ವಸಮಾಜದವರೇ! ಇತ್ತ ಜೈನಧರ್ಮವು ಬೌದ್ಧಧರ್ಮದ ಕವಲಲ್ಲ, ಸ್ವತಂತ್ರ ಧರ್ಮವೆಂದು ಯುರೋಪಿನ ವಿದ್ವತ್ ಲೋಕಕ್ಕೆ ಮನಗಾಣಿಸಿದವರಲ್ಲಿ ಪ್ರಮುಖರು ಹರ್ಮನ್ ಯಾಕೋಬಿ ಎಂಬ ಜರ್ಮನ್ ಪಂಡಿತರು. ಪರರ ಸಂಸ್ಕೃತಿಯನ್ನು ಅವರು ಶ್ರದ್ಧೆಯಿಂದ ಓದಿದ ಫಲವನ್ನು ಜೈನರು ಇಂದಿಗೂ ಉಣ್ಣುತ್ತಿದ್ದಾರೆ. ಆ ಋಣ ತೀರಿಸುವ ಬಗೆ, ತಾವೂ ಪರರನ್ನು ಅಷ್ಟೇ ಶ್ರದ್ಧೆಯಿಂದ ಓದುವುದು.

ಚಾತುರ್ಮಾಸದ ಪ್ರವಚನಗಳಲ್ಲಿ ಅನೇಕಾಂತದ ಮಹಿಮೆಯನ್ನು ಕೇಳಿ ತಲೆದೂಗುವವರ ಮೊಬೈಲ್‌ಗಳಲ್ಲೇ ಅನ್ಯಧರ್ಮೀಯರನ್ನು ಕುರಿತ ವಿಷದ ಸಂದೇಶಗಳು ಎಗ್ಗಿಲ್ಲದೆ ಹರಿದಾಡುತ್ತವೆ. ಗಾಜಾ, ಬಾಂಗ್ಲಾದೇಶ, ಇರಾನ್ ಕುರಿತು ಖಚಿತ ತೀರ್ಪು ನೀಡುವವರಲ್ಲಿ ಆ ನಾಡುಗಳ ಚರಿತ್ರೆಯ ಒಂದು ಅಧ್ಯಾಯವನ್ನಾದರೂ ಓದಿದವರು ವಿರಳ. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರ ಮಾನ್ಯತೆ ದೊರೆಯಿತು. ಅದರ ಸೌಲಭ್ಯ ಪಡೆಯುವ ಸಮಾಜ, ಜಗತ್ತಿನ ಇತರ ಅಲ್ಪಸಂಖ್ಯಾತರು ಹೇಗೆ ಬದುಕುತ್ತಿದ್ದಾರೆಂದು ಅರಿಯಲು ಒಲ್ಲೆನೆಂದರೆ ಅದು ಅನೇಕಾಂತವಲ್ಲ, ಅನುಕೂಲಾಂತ.

ಪಾಲಕರ ಅಂಜಿಕೆ ಆಧಾರರಹಿತವೇನಲ್ಲ. ಸಿ.ಎ. ಪರೀಕ್ಷೆಯ ಸಿದ್ಧತೆ ಕಠಿಣ, ಮುಂಬಯಿಯ ಮನೆಸಾಲದ ಕಂತು ಅದಕ್ಕಿಂತ ಕಠಿಣ. ಆದರೆ ಮೈನರ್ ಮುಖ್ಯ ವಿಷಯವನ್ನು ಕಸಿಯುವುದಿಲ್ಲ. ಹೇಗೂ ಪೂರೈಸಲೇಬೇಕಾದ ಕ್ರೆಡಿಟ್‌ಗಳನ್ನು ಅರ್ಥಪೂರ್ಣವಾಗಿಸುತ್ತದೆ. ನಿಜವಾದ ತೊಡಕು ಕಾಲೇಜುಗಳಲ್ಲಿದೆ. ಇರುವ ಅಧ್ಯಾಪಕರಿಗೆ ಹೊಂದುವ ವಿಷಯವನ್ನಷ್ಟೇ ಅವು ವಿದ್ಯಾರ್ಥಿಗಳ ಮುಂದಿಡಬಲ್ಲವು.

ಇಲ್ಲಿ ಸಮಾಜದ ವಿಶ್ವಸ್ತ ಮಂಡಳಿಗಳ ಹೊಣೆಯಿದೆ. ಮುಂಬಯಿಯಲ್ಲಿ ಜೈನ ಸಂಸ್ಥೆಗಳು ಕಾಲೇಜುಗಳನ್ನೂ ವಿದ್ಯಾರ್ಥಿ ನಿಲಯಗಳನ್ನೂ ನಡೆಸುತ್ತಿವೆ. ಒಂದು ಪಂಚಕಲ್ಯಾಣ ಮಹೋತ್ಸವದ ಮಂಟಪಕ್ಕೂ ಜಾಹೀರಾತಿಗೂ ವ್ಯಯವಾಗುವ ಹಣದ ಒಂದಂಶದಲ್ಲಿ ಇತಿಹಾಸದ ಒಬ್ಬರು, ರಾಜ್ಯಶಾಸ್ತ್ರದ ಒಬ್ಬರು ಅಧ್ಯಾಪಕರನ್ನು ನೇಮಿಸಬಹುದು. ಸಿ.ಎ., ವೈದ್ಯಕೀಯ, ಎಂಜಿನಿಯರಿಂಗ್‌ಗಳಿಗೆ ಕೊಡುವ ವಿದ್ಯಾರ್ಥಿವೇತನದ ಬಾಗಿಲನ್ನು ಜಗತ್ತನ್ನು ಓದುವ ಮಕ್ಕಳಿಗೂ ತೆರೆಯಬಹುದು. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡನೆಯಾಗುವಾಗ ಸದಸ್ಯರು ಈ ಪ್ರಶ್ನೆಯನ್ನು ಎತ್ತಲಿ. ಖರ್ಚಿನ ಕಲಮುಗಳ ನಡುವೆ ಜ್ಞಾನದಾನಕ್ಕೆ ಸಂದದ್ದೆಷ್ಟೆಂದು ಕೇಳುವ ಹಕ್ಕು ಪ್ರತಿ ಸದಸ್ಯನಿಗೂ ಇದೆ.