ಸಾಯುವಾಗ ಕೊಡಬಹುದಾದ ರೊಟ್ಟಿ

ಹೋದ ಡಿಸೆಂಬರ್‌ನಲ್ಲಿ ಪುಣೆಯ ಒಂದು ಚರ್ಚಿನಲ್ಲಿ ನನ್ನ ಚಿಕ್ಕಮ್ಮನ ಮಗನ ಮದುವೆಯಾಯಿತು. ನಮ್ಮದು ಧಾರವಾಡದ ಕಡೆಯ ಬಾಸೆಲ್ ಮಿಶನ್ ಮನೆತನ. ಹುಡುಗಿ ಮಂಗಳೂರಿನ ಕ್ಯಾಥೊಲಿಕ್. ಪ್ರಮಾಣ ಆಯಿತು, ಉಂಗುರ ಆಯಿತು, ಪರಮಪ್ರಸಾದದ ಹೊತ್ತು ಬಂತು. ಮದುಮಗಳು ಕೈಯೊಡ್ಡಿ ಸ್ವೀಕರಿಸಿದಳು. ಮದುಮಗ ಎದೆಯ ಮೇಲೆ ಕೈಕಟ್ಟಿ ನಿಂತಿದ್ದ. ಪಾದ್ರಿಗಳು ಅವನನ್ನು ಆಶೀರ್ವದಿಸಿ ಮುಂದೆ ಹೋದರು. ‘ಅವಗ ಯಾಕ ಕೊಡಲಿಲ್ಲ?’ ಎಂದು ಅಮ್ಮ ಪಿಸುಗುಟ್ಟಿದಳು.

ಊಟಕ್ಕೆ ಮೊದಲೇ ಒಬ್ಬ ಹಿರಿಯರು ಉತ್ತರ ಕೊಟ್ಟರು: ರಕ್ಷಣೆಯ ವಿಷಯದಲ್ಲೇ ನಮಗೂ ಅವರಿಗೂ ಆಗಿಬರುವುದಿಲ್ಲ. ನಂಬಿಕೆಯೊಂದೇ ಸಾಕೇ, ಸತ್ಕ್ರಿಯೆಯೂ ಬೇಕೇ ಎಂಬ ಜಗಳ. ಈ ಉತ್ತರದ ಅವಧಿ ಮುಗಿದಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಈ ವಿಷಯದ ಮೂಲ ಸತ್ಯಗಳಲ್ಲಿ ನಾವು ಒಂದೇ ಎಂದು ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಸೇರಿಕೊಂಡವು. ರಕ್ಷಣೆಯಲ್ಲಿ ಒಪ್ಪಿದವರು ರೊಟ್ಟಿಯಲ್ಲಿ ಏಕೆ ಒಪ್ಪುವುದಿಲ್ಲ?

ಪ್ರೊಟೆಸ್ಟಂಟ್ ಪಾದ್ರಿಗಳ ದೀಕ್ಷೆ ಸಿಂಧುವಲ್ಲ ಎನ್ನುತ್ತಾರೆ. ಇರಲಿ. ಕ್ಯಾಥೊಲಿಕರು ನಮ್ಮಲ್ಲಿಗೆ ಬಂದು ತಿನ್ನದಿರಲು ಅದು ಕಾರಣವಾದೀತು. ಅವರೇ ಪವಿತ್ರಗೊಳಿಸಿದ್ದನ್ನು ನನ್ನ ತಮ್ಮನಿಗೆ ಕೊಡದಿರಲು ಹೇಗಾದೀತು? ಸಭೆಯೊಂದಿಗಿನ ಪೂರ್ಣ ಐಕ್ಯದ ಗುರುತು ಅದು ಎನ್ನುವುದು ಇನ್ನೂ ಗಂಭೀರವಾದ ವಾದ. ಆದರೆ ಅವರದೇ 1983ರ ಧರ್ಮಸಂಹಿತೆಯ 844ನೇ ವಿಧಿ, ಸಾವಿನ ಅಂಚಿನಲ್ಲಿರುವ ಪ್ರೊಟೆಸ್ಟಂಟನಿಗೆ ತನ್ನ ಪಾದ್ರಿ ಸಿಗದಿದ್ದರೆ, ಅವನೇ ಕೇಳಿಕೊಂಡರೆ, ಪ್ರಸಾದದ ಬಗ್ಗೆ ಕ್ಯಾಥೊಲಿಕ್ ನಂಬಿಕೆ ತೋರಿದರೆ, ಕೊಡಬಹುದು ಎನ್ನುತ್ತದೆ. ಸಾಯುವಾಗ ಆಗದ ಅಡ್ಡಿ ಮದುವೆಯ ದಿನ ಎಲ್ಲಿಂದ ಬಂತು?

ಆ ನಂಬಿಕೆಯ ಷರತ್ತಿಗೆ ಬರೋಣ. 1529ರಲ್ಲಿ ಮಾರ್ಬುರ್ಗ್‌ನಲ್ಲಿ, ರೊಟ್ಟಿಯನ್ನು ತನ್ನ ದೇಹವೆಂದ ಯೇಸುವಿನ ಮಾತನ್ನು ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ‘ಆಗಿದೆ’ ಎಂದರೆ ಆಗಿದೆಯೇ ಎಂದು ಪಟ್ಟು ಹಿಡಿದ. ‘ಸೂಚಿಸುತ್ತದೆ’ ಎಂದ ಜ್ವಿಂಗ್ಲಿ. ಅನುವಾದ ಮಾಡಿ ಹೊಟ್ಟೆ ಹೊರೆಯುವ ನನಗೆ ಇದು ಬಲು ದುಬಾರಿ ಕ್ರಿಯಾಪದ. ಗ್ರೀಕ್‌ನಲ್ಲಿ ಅದು ಇದೆ, ಪುಣೆಯ ಮರಾಠಿಯಲ್ಲೂ ‘ಆಹೆ’ ಇದೆ. ಯೇಸು ಆಡುತ್ತಿದ್ದ ಅರಮಾಯಿಕ್‌ನಲ್ಲಿ ಅದು ಬೇಕೇ ಇಲ್ಲ, ಕನ್ನಡದ ಹಾಗೆಯೇ. ಗೋಡೆಯ ಮೇಲಿನ ಫೋಟೋ ತೋರಿಸಿ ‘ಇದು ನಮ್ಮಜ್ಜಿ’ ಎನ್ನುತ್ತೇವೆ; ಅಜ್ಜಿಯನ್ನೇ ತೋರಿಸಿಯೂ ಎನ್ನುತ್ತೇವೆ. ಇದರಿಂದ ಜ್ವಿಂಗ್ಲಿ ಗೆದ್ದ ಎಂದಲ್ಲ. ವ್ಯಾಕರಣ ಹೊರಲಾರದ ಭಾರವನ್ನು ಅದರ ತಲೆಗೆ ಕಟ್ಟಬೇಡಿ ಎಂದಷ್ಟೇ. ನಮ್ಮ ಬಾಸೆಲ್ ಮಿಶನ್ ಕೂಡ ಲೂಥರನ್, ರಿಫಾರ್ಮ್ಡ್ ಎರಡೂ ಕಡೆಯವರು ಸೇರಿ ನಡೆಸಿದ್ದು. ಆ ಜಗಳ ಇಟ್ಟುಕೊಂಡೇ ಅವರು 1834ರಲ್ಲಿ ಮಂಗಳೂರಿಗೆ ಬಂದರು.

ಬೆದರಿಸಲು ಎಲ್ಲ ಸಭೆಗಳೂ ಬಳಸುವ ವಾಕ್ಯ ಇನ್ನೊಂದಿದೆ: ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 11ನೇ ಅಧ್ಯಾಯದ್ದು. ನಮ್ಮ ಸಭೆಯಲ್ಲೂ ಅದನ್ನು ಓದಿ ಹಲವರನ್ನು ಬೆಂಚಿನಲ್ಲೇ ಕೂರಿಸಿದ್ದನ್ನು ಕಂಡಿದ್ದೇನೆ. ಗ್ರೀಕ್‌ನ ‘ಅನಾಕ್ಸಿಯೋಸ್’ ಕ್ರಿಯಾವಿಶೇಷಣ: ‘ಅಯೋಗ್ಯವಾಗಿ’ ತಿನ್ನುವುದು, ‘ಅಯೋಗ್ಯನು’ ತಿನ್ನುವುದಲ್ಲ. ಪೌಲ ಸಿಟ್ಟಾದದ್ದು ಉಳ್ಳವರು ಮೊದಲೇ ಉಂಡು, ಇಲ್ಲದವರನ್ನು ಹಸಿದಿರಿಸಿದ್ದಕ್ಕೆ. ತಿನ್ನಗೊಡದವರ ಮೇಲಿನ ದೂರನ್ನು ತಿನ್ನಬಂದವರ ಮೇಲೆ ತಿರುಗಿಸಿಬಿಟ್ಟಿದ್ದೇವೆ.

ಇದು ಪರರ ಮನೆಯ ಜಗಳ ಎನಿಸುವವರಿಗೆ ಈ ಊರಿನದೇ ಒಂದು ಕಥೆ. 1890ರಲ್ಲಿ ಇಲ್ಲಿನ ಪಂಚ್ ಹೌದ್ ಮಿಶನ್‌ನಲ್ಲಿ ಉಪನ್ಯಾಸಕ್ಕೆ ಬಂದವರಿಗೆ ಚಹಾ ಬಿಸ್ಕತ್ತು ಕೊಟ್ಟರು. ರಾನಡೆ, ತಿಲಕರೂ ಅಲ್ಲಿದ್ದರು. ಗೋಪಾಳರಾವ್ ಜೋಶಿ ಹೆಸರುಗಳನ್ನು ಪತ್ರಿಕೆಯಲ್ಲಿ ಹಾಕಿಸಿದರು. ವಿಷಯ ಶಂಕರಾಚಾರ್ಯರವರೆಗೂ ಹೋಗಿ ಪ್ರಾಯಶ್ಚಿತ್ತದ ಮಾತಾಯಿತು. ಒಂದು ಕಪ್ ಚಹಾಕ್ಕೆ ಇಷ್ಟೆಲ್ಲವೇ ಎಂದು ಆ ಪಂಕ್ತಿಭೇದಕ್ಕೆ ನಾವು ಕ್ರೈಸ್ತರು ಇವತ್ತಿಗೂ ನಗುತ್ತೇವೆ.

ಮಧ್ಯಾಹ್ನ ಹಾಲ್‌ನಲ್ಲಿ ಊಟ. ಅದೇ ಪಾದ್ರಿಗಳು ಪ್ರಾರ್ಥನೆ ಮಾಡಿ, ಅಮ್ಮನ ಪಕ್ಕದಲ್ಲೇ ಕೂತು, ಒಂದೇ ಬುಟ್ಟಿಯ ಸಣ್ಣಗಳನ್ನು ಹಂಚಿಕೊಂಡು ತಿಂದರು. ಅಮ್ಮ ಅವರಿಗೂ ಅದೇ ಪ್ರಶ್ನೆ ಕೇಳಿದಳು. ಅವರು ತಟ್ಟೆ ನೋಡುತ್ತ, ‘ನಂಗೂ ಕೊಡ್ಬೇಕು ಅಂತಾನೇ ಅನ್ಸಿತ್ತಮ್ಮ’ ಎಂದರು.