ಸಮವಸ್ತ್ರ ಒಂದೇ, ಶುಲ್ಕ ಕಟ್ಟುವವರು ಬೇರೆ

ಅಮೆರಿಕದ ಓಹಿಯೊ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಅಕ್ಕಪಕ್ಕ ಕೂತು ಪಾಠ ಕೇಳುವ ಇಬ್ಬರು ವಿದ್ಯಾರ್ಥಿಗಳಿದ್ದಾರೆ ಎಂದಿಟ್ಟುಕೊಳ್ಳೋಣ. ಇಬ್ಬರೂ ತಿಂಗಳಿಗೊಂದು ವಾರಾಂತ್ಯ ಸೇನಾ ಕವಾಯತಿಗೆ ಹೋಗುತ್ತಾರೆ, ವರ್ಷಕ್ಕೆ ಎರಡು ವಾರ ಶಿಬಿರದಲ್ಲಿರುತ್ತಾರೆ. ತೊಡುವ ಸಮವಸ್ತ್ರ ಒಂದೇ, ಒಂದೇ ಹುದ್ದೆಯಾದರೆ ಕವಾಯತಿನ ಸಂಬಳವೂ ಒಂದೇ. ಯುದ್ಧದ ಕರೆ ಬಂದರೆ ಇಬ್ಬರೂ ಪುಸ್ತಕ ಮುಚ್ಚಿಟ್ಟು ಹೊರಡಲೇಬೇಕು. ಆದರೆ ಒಬ್ಬಳ ಬೋಧನಾ ಶುಲ್ಕವನ್ನೆಲ್ಲ ರಾಜ್ಯ ಸರ್ಕಾರ ಕಟ್ಟುತ್ತದೆ. ಇನ್ನೊಬ್ಬನಿಗೆ ಅದೇ ಯೋಜನೆಯಿಂದ ಬಿಡಿಗಾಸೂ ಸಿಗುವುದಿಲ್ಲ. ಆಕೆ ಓಹಿಯೊ ಆರ್ಮಿ ನ್ಯಾಷನಲ್ ಗಾರ್ಡ್‌ನವಳು, ಆತ ಆರ್ಮಿ ರಿಸರ್ವ್‌ನವನು ಎನ್ನುವುದೊಂದೇ ವ್ಯತ್ಯಾಸ.

ಮೇಲ್ನೋಟಕ್ಕೆ ಇದು ಶುದ್ಧ ತಾರತಮ್ಯ. ಆದರೆ ಈ ಸೈನಿಕರಿಗೆ ಆಜ್ಞೆ ಕೊಡುವ ಅಧಿಕಾರ ಯಾರದು ಎಂದು ವಿಚಾರಿಸಿದರೆ, ಹಣ ಯಾರಿಗೆ ಸಿಗುತ್ತದೆ, ಯಾಕೆ ಸಿಗುತ್ತದೆ, ಯಾವಾಗ ನಿಲ್ಲುತ್ತದೆ ಎನ್ನುವುದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಗವರ್ನರ್ ಕೈಯಲ್ಲಿರುವ ಸೈನ್ಯ

ನ್ಯಾಷನಲ್ ಗಾರ್ಡ್‌ನ ಬೇರು ಅಮೆರಿಕ ಎಂಬ ದೇಶಕ್ಕಿಂತ ಹಳೆಯದು. 1636ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು ತನ್ನ ಊರೂರಿನ ಕಾವಲು ತಂಡಗಳನ್ನು ರೆಜಿಮೆಂಟುಗಳಾಗಿ ಕಟ್ಟಿತು. ಗಾರ್ಡ್ ತನ್ನ ಹುಟ್ಟುಹಬ್ಬವನ್ನು ಅಲ್ಲಿಂದಲೇ ಎಣಿಸುತ್ತದೆ. 1903ರ ಕಾಯ್ದೆ ಈ ರಾಜ್ಯಪಡೆಗಳನ್ನು ಕೇಂದ್ರದ ಸೇನೆಯ ಜೊತೆ ಜೋಡಿಸಿತು. ಈಗ 50 ರಾಜ್ಯಗಳು, ರಾಜಧಾನಿ ವಾಷಿಂಗ್ಟನ್, ಪೋರ್ಟೊ ರಿಕೊ, ಗುವಾಮ್ ಮತ್ತು ವರ್ಜಿನ್ ದ್ವೀಪಗಳು ಸೇರಿ 54 ಗಾರ್ಡ್‌ಗಳಿವೆ.

ಶಾಂತಿಕಾಲದಲ್ಲಿ ರಾಜ್ಯದ ಗಾರ್ಡ್‌ಗೆ ಆ ರಾಜ್ಯದ ಗವರ್ನರೇ ದಂಡನಾಯಕ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ, ಜನರಿಂದ ಆರಿಸಿಬಂದ ಆಡಳಿತಗಾರ. ನಮ್ಮ ಮುಖ್ಯಮಂತ್ರಿಗೆ ಹತ್ತಿರದ ಸ್ಥಾನ. ನೆರೆ ಬಂದಾಗ, ಕಾಡಿಗೆ ಬೆಂಕಿ ಬಿದ್ದಾಗ, ಗಲಭೆಯಾದಾಗ ಗಾರ್ಡ್ ಇಳಿಸುವ ಆದೇಶ ಅವರದು. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದಾಗ ದೇಶದ ಮೂಲೆಮೂಲೆಗಳಿಂದ 50 ಸಾವಿರಕ್ಕೂ ಹೆಚ್ಚು ಗಾರ್ಡ್ ಸೈನಿಕರು ಬಂದರು. ಅಧ್ಯಕ್ಷರು ಬೇಕೆಂದಾಗ ಅದೇ ಸೈನಿಕರನ್ನು ಕೇಂದ್ರದ ಸೇವೆಗೆ ಎಳೆದುಕೊಂಡು ಇರಾಕಿಗೋ ಅಫ್ಗಾನಿಸ್ತಾನಕ್ಕೋ ಕಳಿಸಬಹುದು.

ರಿಸರ್ವ್ ಪಡೆಗಳ ಕಥೆ ಬೇರೆ. ಭೂಸೇನೆ, ನೌಕಾಪಡೆ, ವಾಯುಪಡೆ, ಮೆರೀನ್, ಕರಾವಳಿ ಕಾವಲು ಪಡೆ ಈ ಐದಕ್ಕೂ ಒಂದೊಂದು ರಿಸರ್ವ್ ಇದೆ. ಇವು ಪೂರ್ತಿಯಾಗಿ ಕೇಂದ್ರದ ಸ್ವತ್ತು. ತನ್ನದೇ ರಾಜ್ಯದಲ್ಲಿ ವಾಸಿಸುವ ರಿಸರ್ವ್ ಸೈನಿಕನಿಗೂ ಗವರ್ನರ್ ಆದೇಶ ಕೊಡುವಂತಿಲ್ಲ.

ಶುಲ್ಕದ ಗುಟ್ಟು ಇಲ್ಲಿದೆ. ಗಾರ್ಡ್‌ನ ಆಯುಧ, ತರಬೇತಿ, ವಾರಾಂತ್ಯದ ಸಂಬಳ ಇವುಗಳ ಬಹುಪಾಲು ಖರ್ಚನ್ನು ಕೇಂದ್ರವೇ ಹೊರುತ್ತದೆ. ರಾಜ್ಯಕ್ಕೆ ಅಗ್ಗದಲ್ಲಿ ಒಂದು ಸೈನ್ಯ ಸಿಕ್ಕ ಹಾಗಾಯಿತು. ಆದರೆ ಆ ಸೈನ್ಯಕ್ಕೆ ಜನ ಸೇರಬೇಕಲ್ಲ? ಕಡ್ಡಾಯ ಸೇನಾ ಭರ್ತಿ 1973ರಲ್ಲೇ ನಿಂತುಹೋಯಿತು. ಸಂಬಳ ಏರಿಸುವ ಅಧಿಕಾರ ರಾಜ್ಯಕ್ಕಿಲ್ಲ. ಅದರ ಕೈಯಲ್ಲಿರುವುದು ತನ್ನದೇ ಕಾಲೇಜುಗಳು. ಹಾಗಾಗಿ ಅದು ಹದಿನೆಂಟರ ಹರೆಯದವರ ಮುಂದೆ ಕಾಲೇಜಿನ ಬಾಗಿಲನ್ನೇ ತೆರೆದಿಡುತ್ತದೆ.

ಒಂದೊಂದು ರಾಜ್ಯಕ್ಕೆ ಒಂದೊಂದು ದಾರಿ

ಓಹಿಯೊದಲ್ಲಿ ಆರು ವರ್ಷದ ಸೇವೆಗೆ ಸಹಿ ಹಾಕಿದವರ ಬೋಧನಾ ಶುಲ್ಕ ಸರ್ಕಾರಿ ಕಾಲೇಜಿನಲ್ಲಿ ಪೂರ್ತಿ ಮಾಫಿ. ಖಾಸಗಿ ಕಾಲೇಜಾದರೆ ಸರ್ಕಾರಿ ವಿಶ್ವವಿದ್ಯಾಲಯಗಳ ಸರಾಸರಿ ಶುಲ್ಕದಷ್ಟು ಸಿಗುತ್ತದೆ. ಮ್ಯಾಸಚೂಸೆಟ್ಸ್ ಸರ್ಕಾರಿ ಕಾಲೇಜುಗಳಲ್ಲಿ 130 ಕ್ರೆಡಿಟ್‌ಗಳವರೆಗೆ ಶುಲ್ಕ ಬಿಟ್ಟುಕೊಡುತ್ತದೆ. ಒಂದು ಪದವಿಗೆ ಅಷ್ಟು ಸಾಕು. ಇಲಿನಾಯ್‌ನಲ್ಲಿ ಗಾರ್ಡ್‌ನಲ್ಲಿ ಮೊದಲು ಒಂದು ವರ್ಷ ಕಳೆಯಬೇಕು, ಆಮೇಲೆ ನೆರವು. ನ್ಯೂಜೆರ್ಸಿಯಲ್ಲಿ ಸೆಮಿಸ್ಟರಿಗೆ 15 ಕ್ರೆಡಿಟ್‌ಗಳ ಮಿತಿ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ತರಗತಿಯಲ್ಲಿ ಸೀಟು ಖಾಲಿ ಇದ್ದರೆ ಮಾತ್ರ ಈ ಅನುಕೂಲ.

ಹಣ ಯಾವಾಗ ಕೈಸೇರುತ್ತದೆ ಎನ್ನುವುದೂ ಮುಖ್ಯ. ಮಿನ್ನೆಸೋಟದಲ್ಲಿ ಕೋರ್ಸ್ ಮುಗಿಸಿದ ಮೇಲೆ ರಾಜ್ಯ ಹಣ ತುಂಬಿಕೊಡುತ್ತದೆ. ಅಲ್ಲಿಯವರೆಗಿನ ಹೊರೆ ವಿದ್ಯಾರ್ಥಿಯದು; ಉಳ್ಳವರ ಮಕ್ಕಳಿಗೆ ಇದು ದೊಡ್ಡ ಮಾತಲ್ಲ, ಇಲ್ಲದವರ ಮಕ್ಕಳಿಗೆ ಇಲ್ಲೇ ಎಡವಟ್ಟು. ಜಾರ್ಜಿಯಾದ ಒಂದು ಯೋಜನೆಯಂತೂ ಹೆಸರಿಗೆ ಸಾಲ. ಗಾರ್ಡ್‌ನಲ್ಲಿ ಸೇವೆ ಮುಗಿಸಿದರೆ ಸಾಲ ರದ್ದು, ನಡುವೆ ಬಿಟ್ಟುಹೋದರೆ ಬಡ್ಡಿ ಸಹಿತ ವಾಪಸು. ಕಂಪನಿಗಳಿಗೆ, ಆಸ್ಪತ್ರೆಗಳಿಗೆ ಬಾಂಡ್ ಬರೆದುಕೊಟ್ಟು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೆನ್ಸಿಲ್ವೇನಿಯಾ 2019ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮತ್ತೆ ಆರು ವರ್ಷ ಗಾರ್ಡ್‌ನಲ್ಲಿ ಉಳಿಯುತ್ತೇನೆಂದು ಒಪ್ಪಿದ ಸೈನಿಕ, ಹತ್ತು ಸೆಮಿಸ್ಟರುಗಳ ಶಿಕ್ಷಣ ಸವಲತ್ತನ್ನು ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ದಾಟಿಸಬಹುದು. ಹೊಸಬರನ್ನು ಕರೆತರುವಷ್ಟೇ ಪಳಗಿದವರನ್ನು ಉಳಿಸಿಕೊಳ್ಳುವುದೂ ರಾಜ್ಯಕ್ಕೆ ಬೇಕಾಗಿದೆ ಎನ್ನುವುದು ಇದರಲ್ಲಿ ಕಾಣುತ್ತದೆ.

ಕೇಂದ್ರದ ಹಣವೂ ಸೇರಿದಾಗ

ರಾಜ್ಯದ ನೆರವಿನ ಜೊತೆಗೆ ಕೇಂದ್ರದ ಯೋಜನೆಗಳೂ ಇವೆ. ಎರಡನೇ ಮಹಾಯುದ್ಧದಿಂದ ಮರಳುವವರಿಗೆಂದು 1944ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ‘ಜಿಐ ಬಿಲ್’ ಇವಕ್ಕೆಲ್ಲ ಮೂಲ. ಮಿಸ್ಸಿಸ್ಸಿಪ್ಪಿಯ ಸಂಸದ ಸನ್ನಿ ಮಾಂಟ್ಗೊಮರಿ ಹೆಸರಿನ ಯೋಜನೆ 1985ರಲ್ಲಿ ಜಾರಿಗೆ ಬಂತು. ಅದರ ಒಂದು ಭಾಗ ಗಾರ್ಡ್ ಮತ್ತು ರಿಸರ್ವ್ ಇಬ್ಬರಿಗೂ ಅನ್ವಯಿಸುತ್ತದೆ: ಆರು ವರ್ಷದ ಸೇವೆಗೆ ಒಪ್ಪಿದವರಿಗೆ ಓದುವಾಗ ತಿಂಗಳಿಗಿಷ್ಟು ಎಂದು ಹಣ. 2009ರಲ್ಲಿ ಜಾರಿಯಾದ ‘ಪೋಸ್ಟ್ 9/11 ಜಿಐ ಬಿಲ್’ ಹೆಚ್ಚು ಉದಾರವಾದದ್ದು. ಶುಲ್ಕದ ಜೊತೆಗೆ ಮನೆ ಬಾಡಿಗೆಯ ಭತ್ಯೆಯನ್ನೂ ಕೊಡುತ್ತದೆ; ಆದರೆ ಬರೀ ವಾರಾಂತ್ಯದ ಕವಾಯತು ಅದಕ್ಕೆ ಲೆಕ್ಕವಿಲ್ಲ, ಪೂರ್ಣಕಾಲಿಕ ಸೇವೆಗೆ ಕರೆಸಿಕೊಂಡ ದಿನಗಳಷ್ಟೇ ಎಣಿಕೆ.

ಎರಡು ಕಡೆಯ ಹಣ ಒಟ್ಟಿಗೆ ಬಂದಾಗ ಲೆಕ್ಕ ಹೇಗಾಗುತ್ತದೆ? ಒಂದು ಸೆಮಿಸ್ಟರಿನ ಬೋಧನಾ ಶುಲ್ಕ 6,000 ಡಾಲರ್ ಎಂದಿಟ್ಟುಕೊಳ್ಳಿ. ರಾಜ್ಯ ಅಷ್ಟನ್ನೂ ಕಟ್ಟಿತು. ಪೋಸ್ಟ್ 9/11 ಯೋಜನೆ ಉಳಿದ ಶುಲ್ಕವನ್ನಷ್ಟೇ ಕೊಡುವುದರಿಂದ, ಅದರ ಶುಲ್ಕದ ಬಾಬತ್ತು ಈಗ ಸೊನ್ನೆ. ಬಾಡಿಗೆ ಭತ್ಯೆ ಬರುತ್ತದೆ ನಿಜ. ಆದರೆ ಆ ಯೋಜನೆಯಲ್ಲಿ ಒಬ್ಬರಿಗೆ ಸಿಗುವುದು ಒಟ್ಟು 36 ತಿಂಗಳು. ಸೊನ್ನೆ ಶುಲ್ಕದ ಸೆಮಿಸ್ಟರಿನಲ್ಲೂ ಆ ತಿಂಗಳುಗಳು ಕರಗುತ್ತವೆ. ಮಾಂಟ್ಗೊಮರಿ ಯೋಜನೆಯ ಹಣವಾದರೋ ನೇರ ವಿದ್ಯಾರ್ಥಿಯ ಖಾತೆಗೆ ಬೀಳುತ್ತದೆ, ಶುಲ್ಕ ಯಾರು ಕಟ್ಟಿದರೆಂದು ಅದು ಕೇಳುವುದಿಲ್ಲ. ಎರಡಕ್ಕೂ ಅರ್ಹರಾದ ಗಾರ್ಡ್ ವಿದ್ಯಾರ್ಥಿಗಳು ಪದವಿಯವರೆಗೆ ರಾಜ್ಯದ ನೆರವು ಮತ್ತು ಮಾಂಟ್ಗೊಮರಿಯ ಮಾಸಿಕ ಹಣದಲ್ಲಿ ಓದಿ, ಪೋಸ್ಟ್ 9/11 ತಿಂಗಳುಗಳನ್ನು ಸ್ನಾತಕೋತ್ತರಕ್ಕೆ ಉಳಿಸಿಕೊಳ್ಳುವುದು ಇದೇ ಕಾರಣಕ್ಕೆ. ರಾಜ್ಯದ ನೆರವಿಲ್ಲದ ರಿಸರ್ವ್ ವಿದ್ಯಾರ್ಥಿಗೆ ಈ ಜಾಣ್ಮೆಗೆ ಅವಕಾಶವೇ ಇಲ್ಲ.

ಸಹಿ ಹಾಕುವ ಮುನ್ನ

‘ಉಚಿತ ಕಾಲೇಜು’ ಎಂದು ಭರ್ತಿ ಅಧಿಕಾರಿ ಹೇಳುವಾಗ ಮೂರು ಮಾತು ಹಿಂದೆ ಸರಿಯುತ್ತವೆ. ಮೊದಲನೆಯದು, ಮಾಫಿಯಾಗುವುದು ಸಾಮಾನ್ಯವಾಗಿ ಬೋಧನಾ ಶುಲ್ಕ ಮಾತ್ರ. ಊಟ, ವಸತಿ, ಪುಸ್ತಕದ ಖರ್ಚು ಉಳಿದೇ ಇರುತ್ತದೆ. ಎರಡನೆಯದು, ಆರು ವರ್ಷಕ್ಕೆ ಹಾಕಿದ ಸಹಿಯ ಬೆನ್ನಿಗೆ ಒಟ್ಟು ಎಂಟು ವರ್ಷದ ಸೇನಾ ಬಾಧ್ಯತೆಯಿದೆ. ಕೊನೆಯ ವರ್ಷಗಳಲ್ಲಿ ಕವಾಯತು ಇಲ್ಲದಿದ್ದರೂ ಹೆಸರು ಪಟ್ಟಿಯಲ್ಲಿರುತ್ತದೆ. ಕವಾಯತಿಗೆ ತಪ್ಪಿಸಿಕೊಂಡರೆ, ಅಂಕ ಕುಸಿದರೆ ನೆರವು ನಿಲ್ಲಬಹುದು, ತೆಗೆದುಕೊಂಡದ್ದನ್ನು ಹಿಂದಿರುಗಿಸಬೇಕಾಗಿಯೂ ಬರಬಹುದು.

ಮೂರನೆಯದು, ಕರೆ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ. ಸೆಮಿಸ್ಟರಿನ ನಡುವೆ ಸೇವೆಗೆ ಹೋದವರನ್ನು ಹಿಂದಿನ ಹಂತದಲ್ಲೇ ಮತ್ತೆ ಸೇರಿಸಿಕೊಳ್ಳಬೇಕೆಂದು 2008ರ ಉನ್ನತ ಶಿಕ್ಷಣ ಕಾಯ್ದೆ ಹೇಳುತ್ತದೆ. ಗೈರುಹಾಜರಿ ಒಟ್ಟು ಐದು ವರ್ಷ ಮೀರಬಾರದು. ಸೀಟು ಉಳಿಯುತ್ತದೆ, ಸರಿ. ಅರ್ಧಕ್ಕೆ ನಿಂತ ಪ್ರಯೋಗಾಲಯದ ಕೆಲಸ, ಜೊತೆಯವರು ಪದವಿ ಮುಗಿಸಿ ಹೊರಟುಹೋದ ಎರಡು ವರ್ಷ, ಇವನ್ನು ಯಾವ ಕಾಯ್ದೆಯೂ ತುಂಬಿಕೊಡದು.

ಗಾರ್ಡ್‌ಗೂ ಕ್ಯಾಂಪಸ್ಸಿಗೂ ಇರುವ ನಂಟು ಸದಾ ಸಿಹಿಯಾಗೇನೂ ಇರಲಿಲ್ಲ. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಯುದ್ಧವಿರೋಧಿ ಪ್ರತಿಭಟನೆಯ ವೇಳೆ ಓಹಿಯೊ ಗಾರ್ಡ್ ಹಾರಿಸಿದ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿ ಗಾಯಗೊಂಡರು. ಇಂದು ಅದೇ ಗಾರ್ಡ್‌ನವರು ಅದೇ ವಿಶ್ವವಿದ್ಯಾಲಯದಲ್ಲಿ ರಾಜ್ಯದ ದುಡ್ಡಿನಲ್ಲಿ ಓದಬಹುದು. ಗವರ್ನರ್ ಆದೇಶದ ತೂಕ ಎಷ್ಟು ಎನ್ನುವುದನ್ನು ಸಹಿ ಹಾಕುವವರು ತಿಳಿದಿರಬೇಕು. ಆ ಆದೇಶ ನಾಳೆ ಅವರನ್ನು ತಮ್ಮದೇ ಸಹಪಾಠಿಗಳ ಎದುರು ನಿಲ್ಲಿಸಲೂಬಹುದು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೂ ಈ ವಿಷಯ ತಲುಪುತ್ತದೆ. ಭರ್ತಿ ಅಧಿಕಾರಿಗಳು ಹೈಸ್ಕೂಲಿಗೇ ಬರುತ್ತಾರೆ. ಅಲ್ಲಿನ ಪೌರತ್ವವೋ ಗ್ರೀನ್ ಕಾರ್ಡೋ ಇದ್ದವರು ಸೇರಬಹುದು. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಈ ದಾರಿ ಇಲ್ಲ.

ಬಜೆಟ್ಟಿನ ಕೃಪೆ

ಹಲವು ರಾಜ್ಯಗಳ ನಿಯಮಾವಳಿಯಲ್ಲಿ ‘ಲಭ್ಯವಿರುವ ಅನುದಾನಕ್ಕೆ ಒಳಪಟ್ಟು’ ಎಂಬ ಸಾಲೊಂದಿರುತ್ತದೆ. ಶಾಸನಸಭೆ ಆ ವರ್ಷ ಎಷ್ಟು ಕೊಟ್ಟಿತೋ ಅಷ್ಟು. ಇಲಿನಾಯ್‌ನಲ್ಲಿ 2015ರ ಜುಲೈನಿಂದ ಎರಡು ವರ್ಷ ಪೂರ್ಣ ಬಜೆಟ್ಟೇ ಇರಲಿಲ್ಲ. ಬಡ ವಿದ್ಯಾರ್ಥಿಗಳಿಗೆ ರಾಜ್ಯ ಕೊಡುತ್ತಿದ್ದ ನೆರವಿನ ಹಣ ತಿಂಗಳುಗಟ್ಟಲೆ ತಡವಾಗಿ, ಹಲವು ಕಾಲೇಜುಗಳು ತಮ್ಮ ಕೈಯಿಂದಲೇ ಭರಿಸಬೇಕಾಯಿತು. ರಾಜಕೀಯದ ಜಗ್ಗಾಟ ವಿದ್ಯಾರ್ಥಿಯ ಶುಲ್ಕದ ರಸೀದಿಯವರೆಗೆ ಬರಬಲ್ಲದು ಎನ್ನುವುದಕ್ಕೆ ಇದು ಉದಾಹರಣೆ. ಗಾರ್ಡ್ ವಿಷಯದಲ್ಲಿ ಇದು ಇನ್ನೂ ಅನ್ಯಾಯ. ವಿದ್ಯಾರ್ಥಿ ಆರು ವರ್ಷಕ್ಕೆ ಕಟ್ಟುಬಿದ್ದಿರುತ್ತಾಳೆ. ರಾಜ್ಯ ಮಾತ್ರ ಒಂದೇ ವರ್ಷಕ್ಕೆ. ಸಹಿ ಹಾಕಿದ ದಿನ ಹೇಳಿದ ನೆರವು ಸೇವಾವಧಿ ಮುಗಿಯುವವರೆಗೂ ನಿಲ್ಲದಂತೆ ಕಾಯ್ದೆಯಲ್ಲೇ ಬರೆಯಬೇಕು.

ಇನ್ನೊಂದು ತಕರಾರು ಆಳದ್ದು. 2022ರ ಆಗಸ್ಟ್‌ನಲ್ಲಿ ಅಧ್ಯಕ್ಷ ಬೈಡನ್ ವಿದ್ಯಾರ್ಥಿ ಸಾಲ ಮನ್ನಾ ಘೋಷಿಸಿದಾಗ, ಇಂಡಿಯಾನಾದ ಸಂಸದ ಜಿಮ್ ಬ್ಯಾಂಕ್ಸ್ ಇದರಿಂದ ಸೇನಾ ಭರ್ತಿಯ ಮುಖ್ಯ ಆಕರ್ಷಣೆಗೇ ಪೆಟ್ಟು ಬೀಳುತ್ತದೆಂದು ಬಹಿರಂಗವಾಗಿ ಆಕ್ಷೇಪಿಸಿದರು. ಓದು ದುಬಾರಿಯಾಗಿದ್ದರೇನೇ ಬ್ಯಾರಕ್ ತುಂಬುತ್ತದೆ ಎಂಬ ಸತ್ಯ ಆ ಆಕ್ಷೇಪದಲ್ಲೇ ಹೊರಬಿತ್ತು. ಆದರೆ ಅಗ್ಗದ ಓದು, ಸೇನಾ ಭರ್ತಿ ಎರಡನ್ನೂ ಒಟ್ಟಿಗೆ ನಡೆಸಬಹುದು. ಟೆನೆಸ್ಸಿ 2015ರಿಂದ ಹೈಸ್ಕೂಲು ಮುಗಿಸಿದವರಿಗೆ ಸಮುದಾಯ ಕಾಲೇಜಿನ ಶುಲ್ಕ ಭರಿಸುತ್ತಿದೆ. ಆಮೇಲೆ 2017ರಲ್ಲಿ ಗಾರ್ಡ್ ಸೈನಿಕರಿಗೆಂದು ಪದವಿ ಶುಲ್ಕದ ಪ್ರತ್ಯೇಕ ಕಾಯ್ದೆಯನ್ನೂ ತಂದಿತು.

ರಿಸರ್ವ್ ಸೈನಿಕನ ಪಾಲು

ರಾಜ್ಯದ ಕರೆಗೆ ಬಾರದವನಿಗೆ ರಾಜ್ಯ ಯಾಕೆ ದುಡ್ಡು ಕೊಡಬೇಕು ಎನ್ನುವ ವಾದದಲ್ಲಿ ಹುರುಳಿದೆ. ಆದರೂ ಕೆಲವು ರಾಜ್ಯಗಳು ಮನಸ್ಸು ಮಾಡಿವೆ: ಜಾರ್ಜಿಯಾದ ‘ಹೀರೋ’ ವಿದ್ಯಾರ್ಥಿವೇತನ ಯುದ್ಧವಲಯದಲ್ಲಿ ಸತತ 181 ದಿನ ಕಳೆದ ರಿಸರ್ವ್ ಸೈನಿಕರನ್ನೂ ಗಾರ್ಡ್‌ನವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ಅವರ ಮಕ್ಕಳನ್ನೂ ಒಳಗೊಳ್ಳುತ್ತದೆ. ಆದರೆ ಸಿಗುವುದು ವರ್ಷಕ್ಕೆ 2,000 ಡಾಲರ್. ಅದೂ ಯುದ್ಧಕ್ಕೆ ಹೋಗಿಬಂದ ಮೇಲೆ.

ನಿಜವಾದ ಬಾಕಿ ವಾಷಿಂಗ್ಟನ್ನಿನ ಮೇಲಿದೆ. 1985ರಲ್ಲಿ ಮಾಂಟ್ಗೊಮರಿ ಯೋಜನೆ ಶುರುವಾದಾಗ ಪೂರ್ಣಕಾಲಿಕ ಸೇವೆ ಮುಗಿಸಿದವರಿಗೆ ತಿಂಗಳಿಗೆ 300 ಡಾಲರ್, ಗಾರ್ಡ್ ಮತ್ತು ರಿಸರ್ವ್‌ನವರಿಗೆ 140. ಹತ್ತಿರ ಹತ್ತಿರ ಅರ್ಧ. ಪೂರ್ಣಕಾಲಿಕರ ಮೊತ್ತವನ್ನು ಸಂಸತ್ತು ಮತ್ತೆ ಮತ್ತೆ ಏರಿಸುತ್ತ ಹೋಯಿತು. ಗಾರ್ಡ್ ಮತ್ತು ರಿಸರ್ವ್‌ನವರ ಮೊತ್ತ ಬೆಲೆ ಏರಿಕೆಯ ಬೆನ್ನಿಗಷ್ಟೇ ತೆವಳಿತು. ಈಗ ಅದು ಪೂರ್ಣಕಾಲಿಕರ ಮೊತ್ತದ ಐದನೇ ಒಂದು ಭಾಗದ ಆಸುಪಾಸಿನಲ್ಲಿದೆ, ತಿಂಗಳಿಗೆ 500 ಡಾಲರಿಗೂ ಕಡಿಮೆ. ಇದೇ ಅವಧಿಯಲ್ಲಿ ಇರಾಕ್, ಅಫ್ಗಾನಿಸ್ತಾನದ ಯುದ್ಧಗಳು ಈ ಎರಡೂ ಪಡೆಗಳನ್ನು ಭಾರೀ ಪ್ರಮಾಣದಲ್ಲಿ ದುಡಿಸಿಕೊಂಡವು.

ಗವರ್ನರ್‌ಗೆ ಬೇಕಾದ ಸೈನಿಕರಿಗೆ ರಾಜ್ಯ ಕಟ್ಟುತ್ತದೆ. ಅಧ್ಯಕ್ಷರಿಗೆ ಬೇಕಾದವರಿಗೆ ಕೇಂದ್ರ ಕಟ್ಟಬೇಕು ಎನ್ನುವುದು ಅದೇ ತರ್ಕದ ಇನ್ನೊಂದು ತುದಿ. ಐವತ್ತು ಶಾಸನಸಭೆಗಳ ಬಾಗಿಲು ತಟ್ಟುವುದಕ್ಕಿಂತ, ಮಾಂಟ್ಗೊಮರಿ ಯೋಜನೆಯ ಹಳೆಯ ಅನುಪಾತವನ್ನು ಸಂಸತ್ತು ಕಾಯ್ದೆಯ ಮೂಲಕ ಮರಳಿ ತಂದರೆ ರಿಸರ್ವ್ ವಿದ್ಯಾರ್ಥಿಯ ಕೊರತೆಯ ಬಹುಪಾಲು ನೀಗುತ್ತದೆ, ಗಾರ್ಡ್ ವಿದ್ಯಾರ್ಥಿಗೂ ಊಟ-ವಸತಿಯ ಖರ್ಚಿಗೆ ಆಸರೆಯಾಗುತ್ತದೆ. ಅದಕ್ಕೆ ಹೊಸ ಯೋಜನೆ ಬೇಡ, ಹೊಸ ಇಲಾಖೆಯೂ ಬೇಡ; 1985ರಲ್ಲಿ ಒಪ್ಪಿಕೊಂಡ ಅನುಪಾತವನ್ನು ಇಂದಿನ ಮೊತ್ತಕ್ಕೂ ಪಾಲಿಸಿದರೆ ಸಾಕು.